ಸರಳೆ ವರಸೆ ಬಲ್ಲವರಿಗೆ ಗಿಟಾರಿನ ಕಾರ್ಡ್

ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ, ಮೇಲ್ಕಾರ್ ಹಾದು ಕಲ್ಲಡ್ಕಕ್ಕೆ ಬರುವ ಹೆದ್ದಾರಿಯ ಆಚೀಚೆ ಯಾವ ಜಾತ್ರೆಗೆ, ನೇಮಕ್ಕೆ, ಮದುವೆಗೆ ಹೋದರೂ ಸ್ಯಾಕ್ಸೋಫೋನ್ ಕೇಳಿಸುವುದು ಈಗ ಸಾಮಾನ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ನಮ್ಮ ಸೀಮೆಯಲ್ಲಿ ನಾಗಸ್ವರದ ಪಕ್ಕದಲ್ಲೇ ಜಾಗ ಮಾಡಿಕೊಂಡಿದೆ. ಅದಕ್ಕೆ ಕಾರಣರಾದ ಕದ್ರಿ ಗೋಪಾಲನಾಥ್ ಹುಟ್ಟಿದ್ದು ಇದೇ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಹುಡುಗ, ಮುಂದೆ ಅದರಲ್ಲಿ ಗಮಕ ನುಡಿಸಿ ತೋರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರೊಮೆನೇಡ್ ಕಛೇರಿಯಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ಗಿಟಾರ್ ಕೂಡ ಇದೇ ಊರುಗಳಿಗೆ ಬಂದಿದೆ. ಚರ್ಚಿನ ಗಾಯನವೃಂದದಲ್ಲಿ ಇದೆ, ಕಾಲೇಜು ವಾರ್ಷಿಕೋತ್ಸವದಲ್ಲಿ ಇದೆ, ರಿಸೆಪ್ಶನ್ನಿನ ಆರ್ಕೆಸ್ಟ್ರಾದಲ್ಲಿ ಇದೆ. ಆದರೆ ರಾಗದ ಒಳಮನೆಗೆ ಸ್ಯಾಕ್ಸೋಫೋನ್ ನಡೆದು ಬಂದಷ್ಟು ಸಲೀಸಾಗಿ ಅದು ಬರಲಿಲ್ಲ. ಸ್ಯಾಕ್ಸೋಫೋನ್ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ವಾದ್ಯ. ಹಾಡುವ ಗಂಟಲಿನ ದಾರಿಯೇ ಅದರ ದಾರಿ. ಗಿಟಾರಿನ ಹೆಸರೆತ್ತಿದರೆ ನೆನಪಾಗುವುದು ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ ಮೊಳಗುವುದು. ನಮ್ಮ ಸಂಗೀತದಲ್ಲಿ ಅದಕ್ಕೆ ನೇರವಾದ ಸಾಟಿ ಇಲ್ಲ. ಹಾಗಾಗಿ ಸಂಗೀತ ಪಾಠಕ್ಕೆ ಹೋದ ಮಕ್ಕಳೂ ಗಿಟಾರ್ ಹಿಡಿದ ಕೂಡಲೇ ತಮಗೆ ಗೊತ್ತಿರುವುದನ್ನೆಲ್ಲ ಬದಿಗಿಟ್ಟು, ಮೊಬೈಲಿನಲ್ಲಿ ಕಂಡ ಬೆರಳ ಚಿತ್ರಗಳನ್ನು ಬಾಯಿಪಾಠ ಮಾಡಲು ಹೊರಡುತ್ತಾರೆ. ಇದು ದೊಡ್ಡ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಕೇಲ್‌ಗೂ ಕಾರ್ಡ್‌ಗೂ ಇರುವ ಸಂಬಂಧ ತಿಳಿಯಲು ಬೇಕಾದ ಸಾಮಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮಕ್ಕಳ ಬಾಯಲ್ಲೇ ಇದೆ.

ಗಿಟಾರಿನ ಅತ್ಯಂತ ತೆಳ್ಳಗಿನ ತಂತಿಯನ್ನು, ಅಂದರೆ ಒಂದನೇ ತಂತಿಯನ್ನು, ಬೆರಳಿಡದೆ ಮೀಟಿ. ಅದನ್ನೇ ಷಡ್ಜ ಎಂದುಕೊಳ್ಳಿ. ಒಂದೊಂದು ಫ್ರೆಟ್ ಒಂದೊಂದು ಸ್ವರಸ್ಥಾನ; ವೀಣೆಯ ಮೆಟ್ಟುಗಳಂತೆಯೇ ಹನ್ನೆರಡನೆಯದಕ್ಕೆ ಮೇಲಿನ ಷಡ್ಜ. ತಂತಿಯ ಉದ್ದದ ಸರಿಯಾಗಿ ಅರ್ಧದಲ್ಲಿ ಅದು ಕೂತಿರುತ್ತದೆ. ಈಗ 2, 4, 5, 7, 9, 11, 12 ಹೀಗೆ ಫ್ರೆಟ್‌ಗಳನ್ನು ಒತ್ತುತ್ತಾ ಹೋಗಿ. ಚತುಶ್ರುತಿ ಋಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕಾಕಲಿ ನಿಷಾದ: 29ನೆಯ ಮೇಳ, ಧೀರಶಂಕರಾಭರಣ. ಪಾಶ್ಚಾತ್ಯರ ಮೇಜರ್ ಸ್ಕೇಲ್ ಇದೇ.

ಕಾರ್ಡ್ ಹುಟ್ಟುವುದು ಈ ಸಾಲಿನಿಂದಲೇ. ಒಂದು ಸ್ವರ ಹಿಡಿದು, ಮುಂದಿನದನ್ನು ಬಿಟ್ಟು, ಅದರ ಮುಂದಿನದನ್ನು ಹಿಡಿದು, ಮತ್ತೊಂದನ್ನು ಬಿಟ್ಟು, ಮತ್ತೊಂದನ್ನು ಹಿಡಿಯಬೇಕು. ಸ ಗ ಪ ಒಂದು ಕಾರ್ಡ್. ರಿ ಮ ದ ಇನ್ನೊಂದು. ಗ ಪ ನಿ ಮತ್ತೊಂದು. ಹೀಗೆ ಏಳು ಸ್ವರಕ್ಕೆ ಏಳು ಕಾರ್ಡ್. ಗಿಟಾರ್ ಕಲಿಯುವವರು ಮೊದಲ ವಾರ ಹಿಡಿಯುವ ಸಿ ಕಾರ್ಡ್ ನೋಡಿ: ಐದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿ, ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ ಇ, ಮೂರನೇ ತಂತಿ ಖಾಲಿ, ಅದು ಜಿ. ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ ಮತ್ತೆ ಸಿ, ಒಂದನೇ ತಂತಿ ಖಾಲಿ, ಮತ್ತೆ ಇ. ಸಿ ಷಡ್ಜವಾದರೆ ಇದು ಸ, ಗ, ಪ, ಸ, ಗ. ಐದು ತಂತಿ ಮೊಳಗಿದರೂ ಇರುವುದು ಮೂರೇ ಸ್ವರ. ಈ ಒಂದು ವಿಷಯ ಮೊದಲೇ ಹೇಳಿಕೊಟ್ಟರೆ ಬೆರಳಿನ ಚಿತ್ರ ಉರುಹೊಡೆಯುವ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮವರಿಗೆ ಗೊತ್ತಿರುವ ಇನ್ನೊಂದು ಸಂಗತಿ ಕೈಹಿಡಿಯುತ್ತದೆ, ಅದು ಗ್ರಹಭೇದ. ಶಂಕರಾಭರಣದ ಋಷಭವನ್ನೇ ಷಡ್ಜವೆಂದು ಭಾವಿಸಿ ಅದೇ ಸ್ವರಗಳನ್ನು ಹಾಡಿದರೆ ಖರಹರಪ್ರಿಯ ಬರುತ್ತದೆ. ಗಾಂಧಾರದಿಂದ ಹೊರಟರೆ ಹನುಮತೋಡಿ, ಮಧ್ಯಮದಿಂದ ಮೇಚಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಕಾರ್ಡ್ ಮಾಡುವುದೂ ಇದೇ ಕೆಲಸವನ್ನು, ಗಳಿಗೆಯ ಮಟ್ಟಿಗೆ. ಒಂದು ಸ್ವರವನ್ನು ಷಡ್ಜದ ಪೀಠದಲ್ಲಿ ಕೂರಿಸಿ, ಆ ಸ್ವರದ ಪಾಲಿಗೆ ಗಾಂಧಾರ ಯಾವುದು, ಪಂಚಮ ಯಾವುದು ಎಂದು ಹುಡುಕಿ, ಮೂರನ್ನೂ ಒಟ್ಟಿಗೆ ನುಡಿಸುತ್ತದೆ. ಸಿಕ್ಕ ಗಾಂಧಾರ ನಾಲ್ಕು ಫ್ರೆಟ್ ದೂರದ ಅಂತರ ಗಾಂಧಾರವಾದರೆ ಕಾರ್ಡ್ ಮೇಜರ್. ಮೂರು ಫ್ರೆಟ್ ದೂರದ ಸಾಧಾರಣ ಗಾಂಧಾರವಾದರೆ ಮೈನರ್. ಎರಡರಲ್ಲೂ ಪಂಚಮ ಏಳು ಫ್ರೆಟ್ ದೂರದಲ್ಲೇ. ಖರಹರಪ್ರಿಯ, ತೋಡಿ, ನಠಭೈರವಿಗಳಲ್ಲಿ ಇರುವುದು ಸಾಧಾರಣ ಗಾಂಧಾರ, ಆದ್ದರಿಂದ ರಿ, ಗ, ದ ಮೇಲಿನ ಕಾರ್ಡ್‌ಗಳು ಮೈನರ್. ಕಲ್ಯಾಣಿ, ಹರಿಕಾಂಭೋಜಿಗಳಲ್ಲಿ ಇರುವುದು ಅಂತರ ಗಾಂಧಾರ, ಆದ್ದರಿಂದ ಸ ಜತೆಗೆ ಮ, ಪ ಮೇಲಿನವೂ ಮೇಜರ್. ಗಿಟಾರ್ ಪುಸ್ತಕಗಳು ಕೋಷ್ಟಕ ಹಾಕಿ ಕಲಿಸುವುದನ್ನು ರಾಗಗಳ ಹೆಸರು ಬಲ್ಲವರು ಹೀಗೆ ನಿಂತಲ್ಲೇ ಹೇಳಿಬಿಡಬಹುದು.

ಉಳಿದದ್ದು ನಿಷಾದ. ಶಂಕರಾಭರಣದ ನಿಷಾದದಿಂದ ಗ್ರಹಭೇದ ಮಾಡಲು ಹೋದರೆ ಎರಡು ಮಧ್ಯಮಗಳು ಬಂದು ಪಂಚಮ ಮಾಯವಾಗುತ್ತದೆ; ಹಾಗಾಗಿ ಅಲ್ಲಿ ಮೇಳರಾಗ ಹುಟ್ಟುವುದಿಲ್ಲ ಎಂದು ನಮ್ಮ ಗುರುಗಳು ಹೇಳಿಕೊಡುತ್ತಾರೆ. ಅದೇ ನಿಷಾದದ ಮೇಲೆ ಕಾರ್ಡ್ ಕಟ್ಟಿದರೆ ನಿ ರಿ ಮ ಸಿಗುತ್ತದೆ. ರಿ ಮೂರು ಫ್ರೆಟ್ ದೂರ, ಮ ಆರು ಫ್ರೆಟ್ ದೂರ. ಏಳನೆಯದು ಇಲ್ಲವೇ ಇಲ್ಲ. ಪಾಶ್ಚಾತ್ಯರು ಇದನ್ನು ಡಿಮಿನಿಶ್ಡ್ ಎಂದು ಬೇರೆಯೇ ಹೆಸರಿಟ್ಟು ಕರೆದರು. ಈ ಕಾರ್ಡ್ ನಿಂತಲ್ಲಿ ನಿಲ್ಲುವುದಿಲ್ಲ, ಮುಂದಿನ ಷಡ್ಜಕ್ಕೆ ಹೋಗಲು ತವಕಿಸುತ್ತದೆ. ಎರಡು ಬೇರೆ ಬೇರೆ ಸಂಗೀತ ಪರಂಪರೆಗಳು, ಪರಸ್ಪರ ಕೇಳಿಕೊಳ್ಳದೆ, ಅದೇ ಒಂದು ಮೆಟ್ಟಿಲಲ್ಲಿ ಎಡವಿವೆ, ಅದೂ ಅದೇ ಕಾರಣಕ್ಕೆ. ಸಂಗೀತಶಾಸ್ತ್ರದಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ಸಂಗತಿ ಇನ್ನೊಂದಿಲ್ಲ.

ಇಷ್ಟು ಹತ್ತಿರದ ಸಂಬಂಧ ಇದ್ದೂ ರಾಗಕ್ಕೆ ಕಾರ್ಡ್ ಹೊಂದಿಸುವುದು ಕಷ್ಟ ಏಕೆ? ಕರ್ನಾಟಕ ಸಂಗೀತದಲ್ಲಿ ಷಡ್ಜ ಕದಲುವುದಿಲ್ಲ. ತಂಬೂರಿ ಕಛೇರಿಯುದ್ದಕ್ಕೂ ಅದನ್ನೇ ಹೇಳುತ್ತಿರುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲೂ ಅಷ್ಟೇ. ಭಾಗವತರು ಬಿಳಿ ಎರಡೋ ಕಪ್ಪು ಮೂರೋ ಹಾರ್ಮೋನಿಯಂ ಶ್ರುತಿ ಗೊತ್ತುಮಾಡಿಕೊಂಡು ರಂಗಸ್ಥಳಕ್ಕೆ ಬಂದರೆ ಪದ್ಯದ ರಾಗ ಎಷ್ಟು ಬದಲಾದರೂ ಆ ನೆಲೆ ಅಲ್ಲೇ. ಕಾರ್ಡ್ ಬದಲಾಯಿಸುವುದೆಂದರೆ ಕೇಳುಗರ ಕಿವಿಯಲ್ಲಿ ಆ ನೆಲೆಯನ್ನು ಸ್ವಲ್ಪ ಹೊತ್ತು ಬೇರೆಡೆಗೆ ಎಳೆಯುವುದು. ರಿ ಮೇಲಿನ ಕಾರ್ಡ್ ಹಿಡಿದಾಗ ಶಂಕರಾಭರಣ ಹಾಡುತ್ತಿರುವವರ ಕಾಲಡಿಯಲ್ಲಿ ಖರಹರಪ್ರಿಯದ ನೆರಳು ಹಾದುಹೋಗುತ್ತದೆ. ಅದು ಸೊಗಸೂ ಹೌದು, ಅಪಾಯವೂ ಹೌದು.

ಆದ್ದರಿಂದಲೇ ಗಿಟಾರನ್ನು ರಾಗಸಂಗೀತಕ್ಕೆ ತಂದ ಹಲವರು ಕಾರ್ಡನ್ನು ಪಕ್ಕಕ್ಕಿಟ್ಟರು. ಬೃಜಭೂಷಣ ಕಾಬ್ರಾ, ವಿಶ್ವಮೋಹನ ಭಟ್, ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಮೊದಲಾದವರು ತಂತಿಯ ಮೇಲೆ ಸ್ಲೈಡ್ ಜಾರಿಸಿ, ಸ್ವರದಿಂದ ಸ್ವರಕ್ಕೆ ಎಳೆದೊಯ್ಯುವ ಮೀಂಡ್ ತರುವ ದಾರಿ ಹಿಡಿದರು. ಅದು ಫ್ರೆಟ್ಟಿನ ಹಿಡಿತದಿಂದ ಬಿಡುಗಡೆ. ಫ್ರೆಟ್ಟಿನ ಮೇಲಿನ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಏರು ಎಂಬುದನ್ನು ಒಳ್ಳೆಯ ಕಿವಿ ಗುರುತಿಸುತ್ತದೆ.

ಇನ್ನೊಂದು ದಾರಿ ರಾಗವನ್ನೂ ಕಾರ್ಡನ್ನೂ ಒಟ್ಟಿಗೆ ನಡೆಸುವುದು. ಗೋಪಾಲನಾಥರ ಬದುಕಿನಲ್ಲೇ ಅದರ ಎರಡು ದೊಡ್ಡ ಉದಾಹರಣೆಗಳಿವೆ. 1994ರಲ್ಲಿ ಕೆ. ಬಾಲಚಂದರ್ ನಿರ್ದೇಶಿಸಿದ ತಮಿಳು ಚಿತ್ರ ‘ಡ್ಯುಯೆಟ್’ಗೆ ಎ.ಆರ್. ರೆಹಮಾನ್ ಇವರ ಸ್ಯಾಕ್ಸೋಫೋನ್ ಬಳಸಿಕೊಂಡಾಗ ಮುಂದೆ ನಿಂತ ರಾಗ ಕಲ್ಯಾಣವಸಂತ. ಇದು 21ನೆಯ ಮೇಳ ಕೀರವಾಣಿಯ ಜನ್ಯ. ಕೀರವಾಣಿ ಎಂದರೆ ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್, ಕಾರ್ಡ್ ಕಟ್ಟಲು ಬಹಳ ಒದಗುವ ಸ್ಕೇಲ್. ಗಿಟಾರಿನಲ್ಲಿ ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಎ ಮೈನರ್, ಡಿ ಮೈನರ್, ಇ ಮೇಜರ್, ಎಫ್ ಮೇಜರ್ ನಾಲ್ಕೂ ಸಲೀಸು. ಆದರೆ ಕಲ್ಯಾಣವಸಂತದ ಆರೋಹಣದಲ್ಲಿ ರಿ, ಪ ಎರಡೂ ವರ್ಜ್ಯ. ಅವು ಬರುವುದು ಇಳಿಯುವಾಗ ಮಾತ್ರ. ಇ ಮೇಜರಿನಲ್ಲಿ ಇರುವುದು ಪ, ನಿ, ರಿ. ಹಾಡು ಮೇಲೇರುವಾಗ ಈ ಕಾರ್ಡ್ ಹಿಡಿದರೆ ರಾಗ ಬಿಟ್ಟ ಎರಡು ಸ್ವರಗಳನ್ನು ಗಿಟಾರ್ ಗಟ್ಟಿಯಾಗಿ ಹೇಳಿದಂತಾಗುತ್ತದೆ. ಏರುವಾಗ ಡಿ ಮೈನರ್ ಅಥವಾ ಎಫ್, ಇಳಿಯುವಾಗ ಇ ಎಂದು ಆರಿಸಿಕೊಂಡರೆ ರಾಗವೂ ಉಳಿಯುತ್ತದೆ, ಕಾರ್ಡೂ ಮೆರೆಯುತ್ತದೆ. ಸ್ಕೇಲ್ ಬರೀ ಸ್ವರಗಳ ಪಟ್ಟಿ. ರಾಗಕ್ಕೆ ನಡೆ ಇದೆ. ರಾಗಕ್ಕೆ ಕಾರ್ಡ್ ಹಾಕುವವರು ಆ ನಡೆಯನ್ನು ಗಮನಿಸಲೇಬೇಕು.

ಎರಡನೆಯದು 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಆಲ್ಬಂ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ, ಗೋಪಾಲನಾಥರ ಧ್ವನಿಮುದ್ರಿಕೆ ಕೇಳಿ ಬೆರಗಾದವರು. ಮುಂದೆ ಅವರೊಂದಿಗೇ ಕೂತು ಈ ಆಲ್ಬಂ ಮಾಡಿದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಾಲೂರ್ ಶ್ರೀಜಿಯವರ ಮೃದಂಗ, ಜತೆಗೆ ಬಾಸ್, ಡ್ರಮ್ಸ್. ಮೇಳದಲ್ಲಿ ಪಿಯಾನೋ ಇಲ್ಲ. ಕಾರ್ಡ್ ಕೊಡುವ ಹೊಣೆ ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿಯವರ ಗಿಟಾರಿನದು. ಸಜಿಪಮೂಡದ ರಾಗಕ್ಕೆ ಗಿಟಾರ್ ಹೇಗೆ ಜೊತೆ ನಿಲ್ಲಬಹುದು ಎಂದು ಕಿವಿಯಾರೆ ತಿಳಿಯಬೇಕೆನ್ನುವವರು ಕೇಳಬೇಕಾದದ್ದು ಇದನ್ನೇ.

ಈಗ ನಮ್ಮ ಮಕ್ಕಳು ಮೊತ್ತಮೊದಲು ಕಲಿಯುವ ರಾಗಕ್ಕೆ ಬರೋಣ. ಸರಳೆ ವರಸೆ ಇರುವುದು 15ನೆಯ ಮೇಳ ಮಾಯಾಮಾಳವಗೌಳದಲ್ಲಿ. ಇದಕ್ಕೆ ಸಿ ಕಾರ್ಡ್, ಜಿ ಕಾರ್ಡ್ ಎಂದು ರೂಢಿಯಂತೆ ನುಡಿಸಲು ಹೋದರೆ ಕಿವಿಗೆ ಚುಚ್ಚುತ್ತದೆ. ಜಿ ಕಾರ್ಡಿನಲ್ಲಿ ನಾಲ್ಕನೇ ತಂತಿ ಖಾಲಿ ಮೊಳಗುತ್ತದಲ್ಲ, ಆ ಡಿ ಸ್ವರವೇ ಕಾರಣ. ಸಿ ಷಡ್ಜವಾದಾಗ ಅದು ಚತುಶ್ರುತಿ ಋಷಭ. ಈ ರಾಗಕ್ಕೆ ಬೇಕಾದದ್ದು ಶುದ್ಧ ಋಷಭ. ಈ ರಾಗದಲ್ಲಿ ಪಂಚಮದ ಮೇಲೆ ಕಟ್ಟಿದ ಕಾರ್ಡಿಗೆ ತನ್ನದೇ ಪಂಚಮ ಸಿಗುವುದಿಲ್ಲ. ಹಾಗಾಗಿ ಪಾಶ್ಚಾತ್ಯ ಹಾಡುಗಳು ಬಹಳ ನೆಚ್ಚಿಕೊಂಡ ಸ-ಪ-ಸ ದಾರಿ ಇಲ್ಲಿ ಮುಚ್ಚಿದೆ. ಕಾರ್ಡಿಗೂ ಕರ್ನಾಟಕ ಸಂಗೀತಕ್ಕೂ ಆಗಿಬರುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಇಲ್ಲಿಗೇ ಕೈಬಿಡುತ್ತಾರೆ. ಬಿಡಬಾರದು.

ಷಡ್ಜವನ್ನು ಇ ಸ್ವರಕ್ಕೆ, ಹಾರ್ಮೋನಿಯಂನ ಬಿಳಿ ಮೂರಕ್ಕೆ, ಇಟ್ಟುಕೊಳ್ಳಿ. ಗಿಟಾರಿನ ಒಂದನೇ ಮತ್ತು ಆರನೇ ತಂತಿ ಖಾಲಿ ಮೀಟಿದರೆ ಷಡ್ಜ, ಎರಡನೆಯದು ಪಂಚಮ: ತಂಬೂರಿಯ ಸ್ವರಗಳು ಬೆರಳಿಡದೆಯೇ ಸಿಕ್ಕವು. ಐದನೆಯದು ಶುದ್ಧ ಮಧ್ಯಮ. ಮೂರು ಮತ್ತು ನಾಲ್ಕನೇ ತಂತಿಗಳು ಮಾತ್ರ ಖಾಲಿ ಮೊಳಗಬಾರದು. ಅವು ಸಾಧಾರಣ ಗಾಂಧಾರ, ಕೈಶಿಕಿ ನಿಷಾದ, ಈ ರಾಗಕ್ಕೆ ಸಲ್ಲದವು. ಇ ಮೇಜರ್ ಕಾರ್ಡ್ ಹಿಡಿದರೆ ಆ ಎರಡರ ಮೇಲೂ ಬೆರಳು ಬೀಳುತ್ತದೆ, ತೊಂದರೆ ತಾನಾಗಿ ಕಳೆಯಿತು. ಆರನೆಯದರಿಂದ ಒಂದನೆಯದರವರೆಗೆ ಆ ಕಾರ್ಡ್ ಹೇಳುವುದು ಸ, ಪ, ಸ, ಗ, ಪ, ಸ.

ಅದೇ ಆಕಾರವನ್ನು ಒಂದು ಫ್ರೆಟ್ ಮುಂದಕ್ಕೆ ಸರಿಸಿ, ತೋರುಬೆರಳನ್ನು ಮೊದಲ ಫ್ರೆಟ್ಟಿಗೆ ಅಡ್ಡಲಾಗಿ ಒತ್ತಿದರೆ ಎಫ್ ಮೇಜರ್. ಅದರ ಸ್ವರಗಳು ಎಫ್, ಎ, ಸಿ; ನಮ್ಮ ಲೆಕ್ಕದಲ್ಲಿ ಶುದ್ಧ ಋಷಭ, ಶುದ್ಧ ಮಧ್ಯಮ, ಶುದ್ಧ ಧೈವತ. ಮೂರೂ ಮಾಯಾಮಾಳವಗೌಳದವೇ. ಸ್ಪೇನಿನ ಫ್ಲಮೆಂಕೊ ಗಿಟಾರಿನಲ್ಲಿ ಈ ಇ ಮತ್ತು ಎಫ್ ಜೋಡಿ ಮೇಲಿಂದ ಮೇಲೆ ಕೇಳಿಸುತ್ತದೆ. ನಮ್ಮ ಕಿವಿಗೆ ಅದು ಪರಕೀಯ ಅನ್ನಿಸದಿರುವುದಕ್ಕೆ ಶುದ್ಧ ಋಷಭವೇ ಕಾರಣ.

ಒಬ್ಬರು ಸರಳೆ ವರಸೆಯ ಮೊದಲ ಸಾಲು ನಿಧಾನವಾಗಿ ಹಾಡಲಿ, ಇನ್ನೊಬ್ಬರು ಗಿಟಾರ್ ಹಿಡಿಯಲಿ. ಸ ಬಂದಾಗ ಇ, ರಿ ಬಂದಾಗ ಎಫ್, ಗ ಬಂದಾಗ ಇ, ಮ ಬಂದಾಗ ಎಫ್, ಪ ಬಂದಾಗ ಇ, ದ ಬಂದಾಗ ಎಫ್. ನಿಷಾದ ಈ ಎರಡರಲ್ಲೂ ಇಲ್ಲ. ಅದಕ್ಕೆ ಗಾಂಧಾರದ ಮೇಲೆ ಕಟ್ಟಿದ ಗ, ಪ, ನಿ ಬೇಕು, ಅಂದರೆ ನಾಲ್ಕನೇ ಫ್ರೆಟ್ಟಿನಲ್ಲಿ ಅಡ್ಡಬೆರಳಿಟ್ಟು ಹಿಡಿಯುವ ಜಿ ಶಾರ್ಪ್ ಮೈನರ್. ಅಲ್ಲಿಂದ ಮೇಲಿನ ಷಡ್ಜಕ್ಕೆ ಮತ್ತೆ ಇ. ಮೊದಲ ಕಾಲದಲ್ಲಿ ಇದು ಕೂತರೆ ಎರಡನೇ ಕಾಲಕ್ಕೆ ಹೋಗಬಹುದು. ಆಗ ಪ್ರತಿ ಸ್ವರಕ್ಕೂ ಕಾರ್ಡ್ ಬದಲಿಸುವ ಬದಲು ಆದಿತಾಳದ ಪೆಟ್ಟು ಎಲ್ಲಿ ಬೀಳುತ್ತದೋ ಅಲ್ಲಿ ಮಾತ್ರ ಬದಲಿಸಿದರೆ ಸಾಕು.