ಸ್ಯಾಂಪಲ್ ಅಂಡ್ ಹೋಲ್ಡ್: ಓಡುವ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಬಗೆ

ಮಾಡ್ಯುಲರ್ ಸಿಂಥಸೈಜರ್‌ನಲ್ಲಿ ಸ್ವರ ಎಷ್ಟು ಎತ್ತರದಲ್ಲಿರಬೇಕು, ನಾದ ಎಷ್ಟು ಮೊನಚಾಗಿರಬೇಕು ಎಂಬುದನ್ನೆಲ್ಲ ವೋಲ್ಟೇಜ್ ನಿರ್ಧರಿಸುತ್ತದೆ. ಬಹುಪಾಲು ಯಂತ್ರಗಳಲ್ಲಿ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸ್ಯಾಂಪಲ್ ಅಂಡ್ ಹೋಲ್ಡ್ ಮಾಡ್ಯೂಲ್‌ಗೆ ಇಂಥ ವೋಲ್ಟೇಜುಗಳು ಎರಡು ದಾರಿಯಿಂದ ಬರುತ್ತವೆ. ಒಂದು, ಸದಾ ಏರಿಳಿಯುತ್ತಿರುವ ಸಿಗ್ನಲ್. ಇನ್ನೊಂದು, ಕ್ಲಾಕ್‌ನ ಮಿಡಿತ. ಮಿಡಿತ ಬಂದ ಗಳಿಗೆಯಲ್ಲಿ ಸಿಗ್ನಲ್ ಎಷ್ಟಿತ್ತೋ ಅಷ್ಟನ್ನೇ ಮಾಡ್ಯೂಲ್ ಮುಂದಿನ ಮಿಡಿತದವರೆಗೂ ಹೊರಗೆ ಕೊಡುತ್ತಿರುತ್ತದೆ.

ಅನಲಾಗ್ ಮಾಡ್ಯೂಲ್‌ನಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದುದು ಎಲೆಕ್ಟ್ರಾನಿಕ್ ಸ್ವಿಚ್, ಕೆಪಾಸಿಟರ್ ಮತ್ತು ಬಫರ್. ಮಿಡಿತ ಬಂದಾಗ ಸ್ವಿಚ್ ಕ್ಷಣಮಾತ್ರ ಕೂಡಿಕೊಂಡು ಕೆಪಾಸಿಟರ್ ಸಿಗ್ನಲ್‌ನ ಮಟ್ಟಕ್ಕೆ ಬರುತ್ತದೆ. ಸ್ವಿಚ್ ಕಡಿದುಕೊಂಡ ಮೇಲೆ ಆ ಮಟ್ಟ ಅಲ್ಲೇ ಉಳಿಯುತ್ತದೆ. ಅದನ್ನು ಬರಿದು ಮಾಡದೆ ಓದಿ ಹೊರಗೆ ಕಳಿಸುವುದು ಬಫರ್‌ನ ಕೆಲಸ. ಆದರೆ ಯಾವ ಕೆಪಾಸಿಟರೂ ಪೂರ್ತಿ ಭದ್ರವಲ್ಲ. ಸಣ್ಣ ತೂತಿನ ಕೊಡದಿಂದ ನೀರು ಜಿನುಗುವಂತೆ ಚಾರ್ಜ್ ಸೋರುತ್ತದೆ. ಒಂದು ವೋಲ್ಟಿಗೆ ಹನ್ನೆರಡು ಸ್ವರಸ್ಥಾನಗಳು, ಅಂದರೆ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಹತ್ತಿಪ್ಪತ್ತು ಮಿಲಿವೋಲ್ಟ್ ಜಾರಿದರೂ ತಂಬೂರಿಗೆ ಒಗ್ಗಿದ ಕಿವಿಗೆ ಶ್ರುತಿ ತಪ್ಪಿದ್ದು ಗೊತ್ತಾಗಿಬಿಡುತ್ತದೆ. ಹಿಡಿಯುವುದು ಸುಲಭ, ಬಿಡದೆ ಇಟ್ಟುಕೊಳ್ಳುವುದೇ ಕಷ್ಟ.

ಏನು ಹೊರಬರುತ್ತದೆಂಬುದು ಒಳಗೆ ಏನು ಕೊಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ನಾಯ್ಸ್ ಕೊಟ್ಟರೆ ಮಿಡಿತಕ್ಕೊಂದು ಊಹಿಸಲಾಗದ ಸ್ವರ. 1971ರ ಎಆರ್‌ಪಿ 2600 ಸಿಂಥಸೈಜರ್ ಈ ಸೌಕರ್ಯವನ್ನು ತನ್ನೊಳಗೇ ಇಟ್ಟುಕೊಂಡು ಬಂದಿತ್ತು. ಹಳೆಯ ವೈಜ್ಞಾನಿಕ ಚಿತ್ರಗಳಲ್ಲಿ ಕಂಪ್ಯೂಟರ್ ಯೋಚಿಸುತ್ತಿದೆ ಎಂದು ತೋರಿಸಲು ಬಳಸುವ ಬೀಪ್ ಬೀಪ್ ಸರಣಿಯ ಚಹರೆ ಇಂಥದೇ. ಇದಕ್ಕಿಂತ ಸೊಗಸಾದುದು ನಿಧಾನದ ಗರಗಸದಲೆಯ ಪ್ರಯೋಗ. ಸೆಕೆಂಡಿಗೊಮ್ಮೆ ಏರುವ ಅಲೆಯನ್ನು ಸೆಕೆಂಡಿಗೆ ಎಂಟು ಸಲ ಹಿಡಿದರೆ ಎಂಟು ಮೆಟ್ಟಿಲಿನ ಆರೋಹಣ ಮತ್ತೆ ಮತ್ತೆ ಕೇಳಿಸುತ್ತದೆ. ಕ್ಲಾಕ್‌ನ ವೇಗವನ್ನು ತುಸು ಹೆಚ್ಚಿಸಿದರೆ ಪ್ರತಿ ಸುತ್ತಿನಲ್ಲೂ ಮೆಟ್ಟಿಲುಗಳು ಕೊಂಚ ಕೊಂಚ ಸರಿದು ವಿನ್ಯಾಸ ತಾನಾಗಿ ಬದಲಾಗುತ್ತ ಹೋಗುತ್ತದೆ. ಮುಂದೆ ಕ್ವಾಂಟೈಸರ್ ಜೋಡಿಸಿದರೆ ಮೆಟ್ಟಿಲುಗಳೆಲ್ಲ ಬೇಕಾದ ಸ್ವರಶ್ರೇಣಿಯ ಮೇಲೇ ಕೂರುತ್ತವೆ. ಸ್ಲ್ಯೂ ಲಿಮಿಟರ್ ಜೋಡಿಸಿದರೆ ಸ್ವರದಿಂದ ಸ್ವರಕ್ಕೆ ಜಾರು ನಡೆ ಬರುತ್ತದೆ.

ಇದರ ಸೋದರ ಟ್ರ್ಯಾಕ್ ಅಂಡ್ ಹೋಲ್ಡ್. ಗೇಟ್ ತೆರೆದಿರುವಷ್ಟು ಹೊತ್ತು ಅದು ಸಿಗ್ನಲನ್ನು ಹಿಂಬಾಲಿಸುತ್ತದೆ, ಮುಚ್ಚಿದಾಗ ನಿಲ್ಲುತ್ತದೆ.

ಡಿಜಿಟಲ್ ಮಾಡ್ಯೂಲ್‌ಗಳು ಮಟ್ಟವನ್ನು ಅಂಕಿಯಾಗಿ ನೆನಪಿಡುವುದರಿಂದ ಸೋರಿಕೆಯ ಕಾಟವಿಲ್ಲ. ಅನಲಾಗ್ ಮಾಡ್ಯೂಲ್ ಕೊಳ್ಳುವವರು ಮಾತ್ರ ಒಂದು ಸ್ವರ ಹಿಡಿದು, ಕ್ಲಾಕ್ ನಿಲ್ಲಿಸಿ, ಒಂದೆರಡು ನಿಮಿಷ ಕಿವಿಗೊಟ್ಟು ನೋಡುವುದು ಒಳ್ಳೆಯದು.