ಬಿಡಾರದ ಬಂಡಿ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಳೆದ ಓಣಂ ರಜೆ ಮುಗಿದು ಶಾಲೆ ತೆರೆದ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ್, ಕ್ಯಾರವಾನಿಗೆ ಕನ್ನಡದಲ್ಲಿ ಏನನ್ನುತ್ತಾರೆ?” ಬೇಕಲದ ಕೋಟೆಯ ಹತ್ತಿರ ಅವನು ಅಂಥದೊಂದು ವಾಹನವನ್ನು ನೋಡಿದ್ದನಂತೆ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಇತ್ತಂತೆ. ನಾನು ತುಸು ಯೋಚಿಸಿ “ಬಿಡಾರದ ಬಂಡಿ” ಎಂದೆ. ಕಾರವಾನ್ ಎಂಬುದು ಪಾರಸಿ ಭಾಷೆಯ ಮಾತು. ಮರುಭೂಮಿಯಲ್ಲಿ ಒಂದಾಗಿ ಸಾಗುವ ಯಾತ್ರಿಕರ ತಂಡಕ್ಕೆ ಆ ಹೆಸರು. ನಮ್ಮ ಯಕ್ಷಗಾನ ಮೇಳದವರು ಊರಿಂದೂರಿಗೆ ಹೋಗಿ ತಂಗುವ ಜಾಗಕ್ಕೆ ಬಿಡಾರ ಎನ್ನುವುದುಂಟು. ಆ ಬಿಡಾರಕ್ಕೇ ಚಕ್ರ ಬಂದರೆ ಅದು ಕ್ಯಾರವಾನ್.

ಹುಡುಗನ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ನನ್ನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಉಳಿಯಿತು. ಇಂಥ ವಾಹನದಲ್ಲಿ, ಅಥವಾ ಬಾಡಿಗೆಯ ವ್ಯಾನಿನಲ್ಲಿ, ಮನೆಮಂದಿಯೆಲ್ಲ ಸೇರಿ ನಾಲ್ಕು ದಿನ ತಿರುಗಿ ಬರುವ ಆಸೆ ಈಗ ನಮ್ಮಲ್ಲಿ ಅನೇಕರಿಗಿದೆ. ಅದಕ್ಕೆ ಬೇಕಾದ ತಿಳಿವಳಿಕೆ ನಮಗಿದೆಯೇ? ಆ ವಿಚಾರವನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ವಿಹಾರಕ್ಕಾಗಿಯೇ ಕಟ್ಟಿದ ಮೊದಲ ಬಿಡಾರದ ಬಂಡಿ ಇಂಗ್ಲೆಂಡಿನದು ಎನ್ನುತ್ತಾರೆ. 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ, ಲೇಖಕರು ‘ವಾಂಡರರ್’ ಎಂಬ ಹೆಸರಿನ ಮರದ ಬಂಡಿಯನ್ನು ಮಾಡಿಸಿಕೊಂಡು ಎರಡು ಕುದುರೆಗಳನ್ನು ಕಟ್ಟಿ ಊರೂರು ಸುತ್ತಿದರು. ನಮ್ಮ ರಾಜ್ಯದಲ್ಲಿ 2021ರಲ್ಲಿ ಸರಕಾರವು ‘ಕೆರವಾನ್ ಕೇರಳ’ ಎಂಬ ಹೆಸರಿನ ಯೋಜನೆಯನ್ನು ಪ್ರಕಟಿಸಿದ ಬಳಿಕ ಈ ವಾಹನಗಳು ನಮ್ಮ ಹೆದ್ದಾರಿಯಲ್ಲಿಯೂ ಕಾಣತೊಡಗಿವೆ. ಕುದುರೆ ಹೋಗಿ ಎಂಜಿನು ಬಂತು. ಆದರೆ ಮನೆಯನ್ನೇ ಎಳೆದುಕೊಂಡು ಹೋಗುವವನ ಹೊಣೆ ಅಂದಿಗಿಂತ ಇಂದು ಹೆಚ್ಚೇ ಆಗಿದೆ.

ತೂಕದ ಲೆಕ್ಕ

ಪ್ರತಿಯೊಂದು ವಾಹನಕ್ಕೂ ಇಷ್ಟೇ ತೂಕ ಹೊರಬೇಕೆಂಬ ಮಿತಿಯುಂಟು. ಒಂದು ಬಂಡಿಯ ಒಟ್ಟು ಮಿತಿ 3500 ಕೆ.ಜಿ., ಖಾಲಿ ಇರುವಾಗ ಅದರ ತೂಕ 2900 ಕೆ.ಜಿ. ಎಂದು ಭಾವಿಸೋಣ. ನಮ್ಮ ಪಾಲಿಗೆ ಉಳಿಯುವುದು 600 ಕೆ.ಜಿ. ಸರಾಸರಿ 60 ಕೆ.ಜಿ.ಯಂತೆ ಆರು ಜನರಿಗೆ 360. ನೀರಿನ ತೊಟ್ಟಿಯಲ್ಲಿ 100 ಲೀಟರ್ ತುಂಬಿದರೆ 100 ಕೆ.ಜಿ. ಒಲೆ, ಗ್ಯಾಸಿನ ಸಣ್ಣ ಸಿಲಿಂಡರು, ಪಾತ್ರೆಗಳಿಗೆ 40. ಅಲ್ಲಿಗೆ 500 ಆಯಿತು. ಉಳಿದ 100 ಕೆ.ಜಿ.ಯಲ್ಲಿ ಬಟ್ಟೆಬರೆ, ಹಾಸಿಗೆ, ಅಕ್ಕಿ, ತೆಂಗಿನಕಾಯಿ, ದಾರಿಯಲ್ಲಿ ಅಜ್ಜನ ಮನೆಯವರು ಪ್ರೀತಿಯಿಂದ ಹೇರಿದ ಎರಡು ಹಲಸಿನ ಹಣ್ಣು! ಹೀಗೆ ಮಿತಿ ದಾಟುವುದು ನಮಗೆ ತಿಳಿಯುವುದೇ ಇಲ್ಲ. ತೂಕ ಹೆಚ್ಚಿದಂತೆ ಟಯರು ಕಾಯುತ್ತದೆ, ಬ್ರೇಕು ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ದೂರದ ಪ್ರಯಾಣವಾದರೆ ಲಾರಿಗಳನ್ನು ತೂಗುವಲ್ಲಿ ಒಮ್ಮೆ ತೂಗಿಸಿ ನೋಡುವುದು ಲೇಸು. ನೀರು ದಾರಿಯಲ್ಲಿಯೂ ಸಿಗುವುದರಿಂದ ತೊಟ್ಟಿಯನ್ನು ಮನೆಯಿಂದಲೇ ತುಂಬಿಸಬೇಕಾದ್ದಿಲ್ಲ.

ಬಂಡಿಯ ಎತ್ತರವನ್ನೂ ಅಳೆದು, ಚಾಲಕನ ಕಣ್ಣೆದುರಿಗೆ ಕಾಣುವಂತೆ ಬರೆದು ಅಂಟಿಸಿರಬೇಕು. ರೈಲು ಹಳಿಯ ಅಡಿಯಿಂದ ಹಾದುಹೋಗುವ ದಾರಿಗಳು, ತಗ್ಗಿನಲ್ಲಿ ಜೋಲುವ ವಿದ್ಯುತ್ ತಂತಿ, ಒಳದಾರಿಯ ಮಾವು ಹಲಸಿನ ಕೊಂಬೆ, ಇವು ಸಣ್ಣ ಕಾರಿಗೆ ತೊಡಕಾಗದೆ ಎತ್ತರದ ಬಂಡಿಗೆ ಮಾತ್ರ ತೊಡಕಾಗುತ್ತವೆ.

ಎಳೆಯುವ ವಿದ್ಯೆ

ಕಾರಿನ ಹಿಂದೆ ಕಟ್ಟಿ ಎಳೆಯುವ ಬಿಡಾರದ ಬಂಡಿಗಳೂ ಉಂಟು. ಅವುಗಳಲ್ಲಿ ಸಾಮಾನು ಜೋಡಿಸುವ ಕ್ರಮವನ್ನು ನಮ್ಮ ಹಿರಿಯರ ಎತ್ತಿನ ಗಾಡಿಯೇ ಕಲಿಸುತ್ತದೆ. ಭಾರವೆಲ್ಲ ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಭಾರವೆಲ್ಲ ಮುಂದಾದರೆ ನೊಗ ಹೆಗಲನ್ನು ಒತ್ತುತ್ತದೆ. ಅಚ್ಚಿನ ಮೇಲೆ ಭಾರ ನಿಂತು, ನೊಗದ ಮೇಲೆ ಸ್ವಲ್ಪವೇ ಬೀಳಬೇಕು. ಕಾರಿನ ಹಿಂದಿನ ಬಂಡಿಗೂ ಇದೇ ನಿಯಮ. ಬಂಡಿಯ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಕೊಂಡಿಯ ಮೇಲೆ ಬೀಳುವುದು ಸಾಮಾನ್ಯ ಲೆಕ್ಕ. ತಯಾರಿಸಿದವರು ಬೇರೆ ಅಂಕೆ ಕೊಟ್ಟಿದ್ದರೆ ಅದೇ ಪ್ರಮಾಣ. ಭಾರ ಹಿಂದಾದರೆ ವೇಗ ಏರಿದಾಗ ಬಂಡಿ ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಆಗ ಗಾಬರಿಯಿಂದ ಬ್ರೇಕು ಒತ್ತಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಎಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯುವಂತೆ ಮಾಡಬೇಕು.

ಕೆಟ್ಟು ನಿಂತ ವಾಹನವನ್ನು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಯುವುದೂ ಉಂಟು. ಹಗ್ಗ ಕಟ್ಟಬೇಕಾದದ್ದು ಅದಕ್ಕೆಂದೇ ಇರುವ ಕೊಕ್ಕೆಗೆ, ಬಂಪರಿಗಲ್ಲ. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರದಿರಲಿ. ವೇಗ ಗಂಟೆಗೆ 20 ಕಿ.ಮೀ. ಒಳಗಿರಲಿ. ಹಿಂದಿನ ವಾಹನದಲ್ಲಿ ಚಾಲನೆ ಬಲ್ಲವರು ಕುಳಿತಿರಬೇಕು. ಕೀಲಿ ತೆಗೆದರೆ ಸ್ಟಿಯರಿಂಗು ಬಿಗಿದುಕೊಳ್ಳುವುದರಿಂದ ಕೀಲಿ ತಿರುಗಿಸಿದ ಸ್ಥಿತಿಯಲ್ಲೇ ಇರಬೇಕು. ಎಂಜಿನು ನಿಂತಾಗ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ಯಂತ್ರದ ಸಹಾಯ ನಿಲ್ಲುತ್ತದೆ. ಆದುದರಿಂದ ಬ್ರೇಕನ್ನು ಎಂದಿಗಿಂತ ಬಹಳ ಬಲವಾಗಿ ಒತ್ತಬೇಕಾಗುತ್ತದೆ. ತಾನಾಗಿ ಗೇರು ಬದಲಾಗುವ ವಾಹನಗಳನ್ನು ಹೀಗೆ ಎಳೆಯದೆ, ಎತ್ತಿ ಸಾಗಿಸುವ ಕ್ರೇನು ಅಥವಾ ಲಾರಿಯನ್ನು ತರಿಸುವುದೇ ಕ್ಷೇಮ. ಘಾಟಿಯ ಇಳಿಜಾರಿನಲ್ಲಂತೂ ಹಗ್ಗದ ಸಾಹಸ ಬೇಡವೇ ಬೇಡ.

ಘಾಟಿ ಇಳಿಯುವಾಗ

ನಮ್ಮ ಜಿಲ್ಲೆಯಿಂದ ಮಡಿಕೇರಿ, ಮೈಸೂರಿಗೆ ಹೋಗುವವರಲ್ಲಿ ಹಲವರು ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾರಿ ಹಿಡಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮದುವೆ ಮುಗಿಸಿ ಬಾಡಿಗೆ ವ್ಯಾನಿನಲ್ಲಿ ನಾವು ಹದಿಮೂರು ಮಂದಿ ಮಡಿಕೇರಿಯಿಂದ ಇಳಿದು ಬರುತ್ತಿದ್ದೆವು. ಡೀಸೆಲ್ ಉಳಿಸಲೆಂದು ಚಾಲಕ ಗೇರು ತಪ್ಪಿಸಿ ಬ್ರೇಕಿನ ಮೇಲೆಯೇ ಬರುತ್ತಿದ್ದ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಒಲೆಯ ಮುಂದೆ ಬದುಕು ಕಳೆದ ನನ್ನ ತಾಯಿಗೆ ಅದು ಮೊದಲು ತಿಳಿಯಿತು. “ಏನೋ ಕರಟುತ್ತಾ ಇದೆ, ನಿಲ್ಲಿಸಪ್ಪ” ಎಂದರು. ಚಾಲಕ ನಕ್ಕು ಸುಮ್ಮನಾದ. ಮುಂದಿನ ತಿರುವಿನಲ್ಲಿ ಬ್ರೇಕು ಒತ್ತಿದರೆ ವಾಹನ ನಿಲ್ಲಲಿಲ್ಲ. ಹೇಗೋ ಗೇರಿಗೆ ಹಾಕಿ, ಗುಡ್ಡೆಯ ಬದಿಯ ಮಣ್ಣಿಗೆ ಒರಗಿಸಿ ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಏನಿತ್ತೆಂಬುದನ್ನು ನಾನು ಇಳಿದ ಮೇಲೆಯೇ ನೋಡಿದ್ದು.

ಹೀಗೇಕಾಯಿತು? ವಿದ್ಯಾರ್ಥಿಗಳು ತಮ್ಮ ಭೌತಶಾಸ್ತ್ರದ ಪಾಠವನ್ನು ಇಲ್ಲಿ ನೆನೆಯಬಹುದು. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವಾಗ ವಾಹನ ಸುಮಾರು 1000 ಮೀಟರ್ ಕೆಳಗೆ ಬರುತ್ತದೆ. 3500 ಕೆ.ಜಿ. ತೂಕದ ಬಂಡಿ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ 3500 × 9.8 × 1000, ಅಂದರೆ 3,43,00,000 ಜೂಲ್. ಅದೆಲ್ಲವೂ ಶಾಖವಾದರೆ 30 ಡಿಗ್ರಿಯ ನೂರು ಲೀಟರಿಗೂ ಮಿಕ್ಕಿದ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಮದುವೆ ಮನೆಯ ದೊಡ್ಡ ಹಂಡೆಯ ಬೆಂಕಿಯಷ್ಟು ಶಾಖವನ್ನು ನಾಲ್ಕು ಚಕ್ರಗಳ ಬ್ರೇಕುಗಳೇ ತಾಳಬೇಕೆಂದರೆ ಹೇಗೆ? ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಅದರ ಎಣ್ಣೆ ಕುದಿದು ಗುಳ್ಳೆಯೆದ್ದರೆ ಪೆಡಲು ಬರಿದೇ ಕೆಳಗಿಳಿಯುತ್ತದೆ.

ಪರಿಹಾರ ಸುಲಭ. ಯಾವ ಗೇರಿನಲ್ಲಿ ಘಾಟಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನೇ ವಾಹನವನ್ನು ತಡೆಯುತ್ತದೆ. ಬ್ರೇಕನ್ನು ಒಂದೇ ಸಮನೆ ಮೆಟ್ಟಿ ಹಿಡಿಯದೆ, ಬೇಕಾದಾಗ ಬಲವಾಗಿ ಒತ್ತಿ ಬಿಡಬೇಕು. ವಾಸನೆ ಬಂದರೆ ಸಮತಟ್ಟಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರುವ ತನಕ ಕಾಯಬೇಕು. ಕಾದ ಬ್ರೇಕಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ವಯನಾಡಿನ ಕಡೆಯಿಂದ ಗುಂಡ್ಲುಪೇಟೆಗೆ ಹೋಗುವವರು ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಮುಚ್ಚಿರುವುದನ್ನು ಮರೆಯಬಾರದು.

ಕಾಣದ ವೈರಿ

ಈಗ ಹೇಳುವ ವಿಷಯಕ್ಕಾಗಿಯೇ ಈ ಲೇಖನವನ್ನು ಬರೆದೆನೆಂದರೂ ಸರಿ. 2024ರ ದಶಂಬರ 23ರಂದು ಕೋಝಿಕ್ಕೋಡು ಜಿಲ್ಲೆಯ ವಡಗರದಲ್ಲಿ, ನಮ್ಮೂರಿನ ಮೂಲಕವೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿರುವುದು ಕಂಡುಬಂತು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಒಳಗೆ ತುಂಬಿದ್ದೇ ಇದಕ್ಕೆ ಕಾರಣವೆಂದು ತಜ್ಞರ ಪರೀಕ್ಷೆಯಿಂದ ತಿಳಿಯಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ತಲಪುವುದಿಲ್ಲ. ತಲೆನೋವು, ಓಕರಿಕೆ, ಮಂಪರು, ಇವೇ ಸೂಚನೆಗಳು. ನಿದ್ದೆಯಲ್ಲಿದ್ದವನಿಗೆ ಅದೂ ತಿಳಿಯದು. ಆದುದರಿಂದ ಜನರೇಟರನ್ನು ಬಂಡಿಯ ಒಳಗಾಗಲಿ, ಅಡಿಯಲ್ಲಾಗಲಿ, ಕಿಟಕಿಯ ಸಮೀಪವಾಗಲಿ ನಡೆಸಬಾರದು. ಮಲಗುವ ಮೊದಲು ಅದನ್ನು ನಿಲ್ಲಿಸಬೇಕು. ಕಾರಾದರೂ ಅಷ್ಟೆ, ಎಂಜಿನು ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಗಾಜು ಮುಚ್ಚಿ ನಿದ್ರಿಸಬಾರದು. ಚಳಿಯೆಂದು ಕೆಂಡದ ಒಲೆಯನ್ನು ಒಳಗಿಡಬಾರದು. ಈ ಅನಿಲವನ್ನು ಗುರುತಿಸಿ ಕೂಗುವ ಸಣ್ಣ ಉಪಕರಣ ಪೇಟೆಯಲ್ಲಿ ದೊರೆಯುತ್ತದೆ. ಬಾಡಿಗೆಗೆ ಪಡೆಯುವ ಬಂಡಿಯಲ್ಲಿ ಅದು ಇದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಯಾರಿಗಾದರೂ ತಲೆ ಸುತ್ತಿದರೆ ಬಾಗಿಲು ತೆರೆದು ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡಬೇಕು.

ಅಡುಗೆಯ ಗ್ಯಾಸಿನ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನೀರಿನಂತೆ ಹರಡಿ ನಿಲ್ಲುತ್ತದೆ. ಆದುದರಿಂದ ಸಿಲಿಂಡರು ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ವಾಹನ ಓಡುವಾಗ ಸಿಲಿಂಡರು ಮುಚ್ಚಿರಬೇಕು. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆಯಬೇಕು.

ಮಳೆಗಾಲದ ಆರೈಕೆ

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳದವರು ಮುಂದಿನ ತಿರುಗಾಟಕ್ಕಾಗಿ ವೇಷಭೂಷಣಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಬಂಡಿಗೂ ಅಂಥ ಆರೈಕೆ ಬೇಕು. ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ನಾಡು ನಮ್ಮದು. ಜೊತೆಗೆ ಕಡಲಿನ ಉಪ್ಪು ಗಾಳಿ. ಕಡಲತೀರಕ್ಕೆ ಹೋಗಿ ಬಂದ ಮೇಲೆ ಬಂಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ಕಿಟಕಿ, ಮಾಡುಗಳ ರಬ್ಬರು ಒಡೆದಿದೆಯೇ ಎಂದು ಮಳೆಗೆ ಮೊದಲೇ ನೋಡಬೇಕು. ನೀರಿನ ತೊಟ್ಟಿಯನ್ನು ಬರಿದುಮಾಡಿ ಒಣಗಿಸಬೇಕು. ಬ್ಯಾಟರಿಯ ಸಂಪರ್ಕ ಬಿಡಿಸಿಡಬೇಕು. ಇಲಿ ತಂತಿ ಕಡಿಯದಂತೆ, ಒಳಗೆ ಒಂದು ಬಿಸ್ಕತ್ತಿನ ಚೂರೂ ಉಳಿಯದಂತೆ ಗುಡಿಸಬೇಕು. ತೆಂಗಿನ ಮರದಡಿಯಲ್ಲಿ ನಿಲ್ಲಿಸಬಾರದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ; ಆದರೂ ಹೇಳಿದ್ದೇನೆ.

ಟಯರಿಗೂ ವಯಸ್ಸುಂಟು. ಅದರ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅಪರೂಪಕ್ಕೆ ಓಡುವ ಬಂಡಿಯ ಟಯರು ಸವೆಯದೆಯೂ ಮುದಿಯಾಗಿ ಬಿರಿಯುತ್ತದೆ. ಗಾಳಿಯ ಒತ್ತಡವನ್ನು ಟಯರು ತಣ್ಣಗಿರುವಾಗಲೇ ಅಳೆಯಬೇಕು. ಚಕ್ರ ಬದಲಿಸಿದ ಮೇಲೆ 50 ಕಿ.ಮೀ. ಓಡಿಸಿ ಅದರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು. ಜಾಕಿಯನ್ನು ಮಾತ್ರ ನಂಬಿ ವಾಹನದ ಅಡಿಗೆ ಎಂದಿಗೂ ನುಸುಳಬಾರದು.

ದಾರಿಯ ಋಣ

ಕೊನೆಯದಾಗಿ ಒಂದು ಮಾತು. ಬಂಡಿಯ ಬಚ್ಚಲಿನ ಕೊಳೆನೀರನ್ನು ಕತ್ತಲಲ್ಲಿ ಹೊಳೆಗೆ ಬಿಡುವವರಿದ್ದಾರೆ. ಸಂಪಾಜೆಯ ದಾರಿಯುದ್ದಕ್ಕೂ ಕಾಣುವ ಪಯಸ್ವಿನಿಯೇ ಮುಂದೆ ನಮ್ಮ ಚಂದ್ರಗಿರಿ. ಬಾವಿಕ್ಕರೆಯಲ್ಲಿ ಅದರ ನೀರನ್ನೆತ್ತಿ ಕಾಸರಗೋಡು ಪೇಟೆಗೆ ಕುಡಿಯಲು ಕೊಡುತ್ತಾರೆ. ಘಾಟಿಯಲ್ಲಿ ಸುರಿದದ್ದು ಹೀಗೆ ನಮ್ಮ ನಲ್ಲಿಗೇ ಬರುತ್ತದೆ.

ಮಕ್ಕಳೇ, ಬಂಡಿ ಓಡಿಸುವ ವಯಸ್ಸು ನಿಮಗಿನ್ನೂ ಬಂದಿಲ್ಲ. ಆದರೆ ಹೊರಡುವ ಮುನ್ನ ತೂಕದ ಲೆಕ್ಕ ಹಾಕಲು, ಟಯರಿನ ಅಂಕೆ ಓದಲು, “ಜನರೇಟರ್ ನಿಲ್ಲಿಸಿದಿರಾ ಅಪ್ಪ?” ಎಂದು ಕೇಳಲು ವಯಸ್ಸಿನ ಹಂಗಿಲ್ಲ. ಹೆತ್ತವರಲ್ಲಿ ನನ್ನ ವಿನಂತಿ: ಮಗು ಹಾಗೆ ಕೇಳಿದಾಗ ನಕ್ಕು ಸುಮ್ಮನಾಗಬೇಡಿ. ಅಂದು ಘಾಟಿಯಲ್ಲಿ ನನ್ನ ತಾಯಿಯ ಮಾತಿಗೆ ಚಾಲಕ ಹಾಗೆಯೇ ನಕ್ಕಿದ್ದ.