ಆದೇಶದ ಕ್ಲಿಕ್ಕು, ಅಗತ್ಯದ ಕ್ಲಿಕ್ಕು

ಆಟಿ ತಿಂಗಳ ಮಳೆಯಲ್ಲಿ ಬೆಳ್ತಂಗಡಿಯ ತೋಟಗಾರಿಕೆ ಕಚೇರಿಗೆ ಬರುವ ಕೃಷಿಕರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮದ್ದು ಬಿಟ್ಟಾಗಿದೆ, ಆದರೂ ಅಡಿಕೆ ಕೊಳೆತು ಉದುರುತ್ತಿದೆ, ಇನ್ನೇನು ಮಾಡುವುದು? ಅದೇ ವಾರ ವಿಜಯಪುರದಲ್ಲಿ ಅದೇ ಪದನಾಮದ ನೌಕರರ ಎದುರು ನಿಂತವರು ಕೇಳುವುದು ದ್ರಾಕ್ಷಿಯ ಬಗ್ಗೆ, ದಾಳಿಂಬೆಯ ಬಗ್ಗೆ. ಇಬ್ಬರಿಗೂ ಒಂದೇ ಇಲಾಖಾ ಪೋರ್ಟಲ್ ಕೊಟ್ಟು, ಅದರ ಮುಖಪುಟದಲ್ಲಿ ಆರು ಶೀರ್ಷಿಕೆಗಳಿಗಷ್ಟೇ ಜಾಗ ಇಟ್ಟರೆ, ಯಾರಿಗೆ ಯಾವ ಆರು ಕಾಣಬೇಕು? ಈ ಪ್ರಶ್ನೆಯನ್ನು ಲೆಕ್ಕದಿಂದ ಬಿಡಿಸುವ ವಿದ್ಯೆಗೆ ಶಿಫಾರಸು ವ್ಯವಸ್ಥೆ ಎಂದು ಹೆಸರು. ಯೂಟ್ಯೂಬಿನಲ್ಲಿ, ಅಮೆಜಾನಿನಲ್ಲಿ ನಾವು ಇದನ್ನು ದಿನವೂ ಕಾಣುತ್ತೇವೆ. ಕಚೇರಿಯೊಳಗೆ ಬಂದಾಗ ಇದರ ಸ್ವಭಾವವೇ ಬದಲಾಗುತ್ತದೆ, ಮತ್ತು ಆ ಬದಲಾವಣೆಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ತಾಲೂಕುಗಳಿಗೂ ಕೆಲಸದ ಪೋರ್ಟಲ್‌ಗಳು ಬಂದು ವರ್ಷಗಳಾದವು. ಶಿಕ್ಷಕರಿಗೆ ‘ದೀಕ್ಷಾ’ 2017ರ ಸೆಪ್ಟೆಂಬರ್ 5ರಂದು ಆರಂಭವಾಯಿತು. ಕೊರೊನಾ ಕಾಲದಲ್ಲಿ, 2020ರ ಅಕ್ಟೋಬರಿನಿಂದ, ‘ನಿಷ್ಠಾ’ ತರಬೇತಿಯ 18 ಘಟಕಗಳನ್ನು ಪ್ರಾಥಮಿಕ ಹಂತದ ಶಿಕ್ಷಕರು ಅದರಲ್ಲೇ ಮುಗಿಸಿದರು. ಅಂಚೆ ಇಲಾಖೆಯ ‘ಡಾಕ್ ಕರ್ಮಯೋಗಿ’ 2022ರ ಜೂನ್ 28ರಂದು ಬಂತು. ಹಳ್ಳಿಯ ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರೂ ಅದರ ವಿದ್ಯಾರ್ಥಿಗಳು. ಕೇಂದ್ರ ಸಚಿವ ಸಂಪುಟ 2020ರ ಸೆಪ್ಟೆಂಬರ್ 2ರಂದು ಒಪ್ಪಿದ ‘ಮಿಷನ್ ಕರ್ಮಯೋಗಿ’ಯ ಕಲಿಕಾ ತಾಣ ‘ಐಗಾಟ್’. ದೀಕ್ಷಾ ಮತ್ತು ಐಗಾಟ್ ಎರಡಕ್ಕೂ ಅಡಿಪಾಯ ಒಂದೇ: ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ ರೂಪಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶ.

ಈ ತಂತ್ರಾಂಶ ಬಳಕೆದಾರರನ್ನು ಹೇಗೆ ಗಮನಿಸುತ್ತದೆ ಎಂಬುದು ಗುಟ್ಟಲ್ಲ, ಅದರ ವಿವರ ಬಹಿರಂಗವಾಗಿಯೇ ಇದೆ. ಪುಟ ಕಂಡರೆ ಒಂದು ದಾಖಲೆ, ಗುಂಡಿ ಒತ್ತಿದರೆ ಒಂದು, ಹುಡುಕಿದರೆ ಒಂದು, ಪ್ರಶ್ನೆಗೆ ಉತ್ತರಿಸಿದರೆ ಒಂದು, ಮುಚ್ಚಿದರೆ ಇನ್ನೊಂದು. ಪ್ರತಿ ದಾಖಲೆಯಲ್ಲೂ ಏನಾಯಿತು, ಯಾರು ಮಾಡಿದರು, ಯಾವ ಸಾಧನದಿಂದ, ಯಾವ ಪಾಠದ ಮೇಲೆ, ಯಾವ ಗಳಿಗೆಯಲ್ಲಿ ಎಂಬ ವಿವರಗಳಿರುತ್ತವೆ. ಗಳಿಗೆ ಎಂದರೆ ಮಿಲಿಸೆಕೆಂಡಿನ ಲೆಕ್ಕ. ಯಾವ ಪಾಠದ ಎಷ್ಟನೇ ಪುಟದಲ್ಲಿ ಶಿಕ್ಷಕಿ ನಿಂತರು, ಎಲ್ಲಿಂದ ಹಿಂದಕ್ಕೆ ಹೋದರು ಎಂಬುದನ್ನೆಲ್ಲ ಇದರಿಂದ ಮರುಕಟ್ಟಬಹುದು. ಶಿಫಾರಸಿನ ಕಚ್ಚಾವಸ್ತು ಇದೇ.

ಇಂಥ ಶಿಫಾರಸಿನ ವಿದ್ಯೆ ಬೆಳೆದದ್ದು ಅಂಗಡಿಗಳಿಂದ ಎಂದು ಹಲವರು ತಿಳಿದಿದ್ದಾರೆ. ಅದರ ಮೊದಲ ಹೆಜ್ಜೆಗಳು ಕಚೇರಿಯಲ್ಲೇ ಬಿದ್ದವು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ ಸಿಬ್ಬಂದಿಗೆ ಇಮೇಲ್ ರಾಶಿ ಬೀಳತೊಡಗಿತ್ತು. ಡೇವಿಡ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ‘ಟ್ಯಾಪೆಸ್ಟ್ರಿ’ ಎಂಬ ವ್ಯವಸ್ಥೆ ಕಟ್ಟಿ, 1992ರಲ್ಲಿ ಅದರ ಬಗ್ಗೆ ಬರೆದರು. ಓದಿದವರು ಪತ್ರದ ಮೇಲೆ ತಮ್ಮ ಅಭಿಪ್ರಾಯ ಗುರುತು ಹಾಕುತ್ತಿದ್ದರು. ಉಳಿದವರು ‘ಇಂಥ ಸಹೋದ್ಯೋಗಿ ಮೆಚ್ಚಿದ್ದನ್ನು ಮಾತ್ರ ತೋರಿಸು’ ಎಂದು ಕೇಳಬಹುದಿತ್ತು. ಹೊಸದಾಗಿ ಸೇರಿದವರಿಗೆ ಹಿರಿಯ ಗುಮಾಸ್ತರು ‘ಮೊದಲು ಈ ಸುತ್ತೋಲೆ ಓದಿ, ಅದು ಆಮೇಲೆ’ ಎಂದು ತೋರಿಸಿಕೊಟ್ಟ ಹಾಗೆ. ಅಲ್ಲಿದ್ದ ಒಂದು ಗುಣವನ್ನು ನೆನಪಿಡಬೇಕು: ಆ ಗುರುತುಗಳನ್ನು ಜನ ತಿಳಿದು, ಬೇಕೆಂದೇ ಹಾಕುತ್ತಿದ್ದರು. 1994ರಲ್ಲಿ ಬಂದ ‘ಗ್ರೂಪ್‌ಲೆನ್ಸ್’ ಕೂಡ ಓದುಗರು ತಾವಾಗಿ ಕೊಟ್ಟ 1ರಿಂದ 5ರವರೆಗಿನ ಅಂಕಗಳನ್ನೇ ನಂಬಿತ್ತು. ಮುಂದೆ ಮಾತು ಕೇಳುವ ಬದಲು ನಡವಳಿಕೆಯಿಂದಲೇ ಊಹಿಸುವ ದಾರಿ ಗೆದ್ದಿತು. ಅಮೆಜಾನಿನ ಮೂವರು ಎಂಜಿನಿಯರುಗಳು 2003ರಲ್ಲಿ ವಿವರಿಸಿದ ವಿಧಾನ ಅದರಲ್ಲಿ ಪ್ರಸಿದ್ಧ. ಅಲ್ಲಿ ಜನರನ್ನು ಹೋಲಿಸುವುದಿಲ್ಲ, ವಸ್ತುಗಳನ್ನು ಹೋಲಿಸುತ್ತಾರೆ.

ಲೆಕ್ಕ ಕಷ್ಟದ್ದಲ್ಲ. ಅಂಚೆ ಸಿಬ್ಬಂದಿಯ ಒಂದು ಪೋರ್ಟಲ್ ಇದೆ ಎಂದು ಇಟ್ಟುಕೊಳ್ಳೋಣ. ‘ತೀರಿಹೋದ ಖಾತೆದಾರರ ಹಣ ವಾರಸುದಾರರಿಗೆ ಕೊಡುವ ಕ್ರಮ’ ಎಂಬ ಪುಟವನ್ನು 40 ಮಂದಿ ನೋಡಿದ್ದಾರೆ. ‘ನಾಮಿನಿ ಬದಲಾವಣೆ’ ಪುಟವನ್ನೂ 40 ಮಂದಿ. ಎರಡನ್ನೂ ನೋಡಿದವರು 30. ಒಂದೊಂದನ್ನೂ ನೋಡಿದವರ ಸಂಖ್ಯೆಗಳನ್ನು ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ಎರಡನ್ನೂ ನೋಡಿದವರ ಸಂಖ್ಯೆಯನ್ನು ಭಾಗಿಸಬೇಕು: 30ನ್ನು 40ರಿಂದ ಭಾಗಿಸಿದರೆ 0.75. ಇದು ಆ ಎರಡು ಪುಟಗಳ ಸಾಮ್ಯ. ಇನ್ನು ‘ಪ್ರತಿಜ್ಞಾ ಸ್ವೀಕಾರ’ ಎಂಬ ಪುಟವನ್ನು 900 ಮಂದಿ ತೆರೆದಿದ್ದಾರೆ, ವಾರಸುದಾರರಿಗೆ ಹಣ ಕೊಡುವ ಪುಟ ನೋಡಿದ 40 ಮಂದಿಯೂ ಅವರಲ್ಲಿದ್ದಾರೆ. ಹಾಗಿದ್ದರೂ ಸಾಮ್ಯ ಸುಮಾರು 0.21 ಮಾತ್ರ, ಏಕೆಂದರೆ ಎಲ್ಲರೂ ನೋಡುವ ಪುಟದ ತೂಕವನ್ನು ಸೂತ್ರವೇ ತಗ್ಗಿಸುತ್ತದೆ. ಹೀಗೆ ವಾರಸುದಾರರಿಗೆ ಹಣ ಕೊಡುವ ಪುಟ ತೆರೆದ ಅಂಚೆಪಾಲಕಿಗೆ ಮುಂದೆ ನಾಮಿನಿಯ ಪುಟ ಕಾಣುತ್ತದೆ. ವಾರಸುದಾರರು ಕೌಂಟರಿನ ಎದುರು ನಿಂತಿರುವಾಗ ಆ ಪುಟ ತಾನಾಗಿ ಎದುರಿಗೆ ಬಂದರೆ ಅದು ದೊಡ್ಡ ಉಪಕಾರವೇ.

ಈಗ ಲೆಕ್ಕ ದಾರಿ ತಪ್ಪುವ ಜಾಗ ನೋಡೋಣ. ಮೇಲಿನಿಂದ ಸುತ್ತೋಲೆ ಬರುತ್ತದೆ: ಈ ತಿಂಗಳಾಂತ್ಯದೊಳಗೆ ಎಲ್ಲರೂ ಸೈಬರ್ ಸುರಕ್ಷತೆಯ ಪಾಠವನ್ನೂ ಕಡತ ನಿರ್ವಹಣೆಯ ಪಾಠವನ್ನೂ ಮುಗಿಸತಕ್ಕದ್ದು. 900 ಮಂದಿಯೂ ಎರಡನ್ನೂ ಮುಗಿಸುತ್ತಾರೆ. ಸೂತ್ರಕ್ಕೆ ಹಾಕಿದರೆ ಸಾಮ್ಯ ಪೂರ್ತಿ 1. ಪೋರ್ಟಲಿನಲ್ಲಿ ಇದಕ್ಕಿಂತ ಹತ್ತಿರದ ನಂಟು ಇನ್ನೊಂದಿಲ್ಲ ಎಂದು ಯಂತ್ರ ತೀರ್ಮಾನಿಸುತ್ತದೆ. ಎರಡು ಪಾಠಗಳನ್ನು ಹೊಂದಿಸಿದ್ದು ಓದುವವರ ಆಸಕ್ತಿಯೂ ಅಲ್ಲ, ಕೆಲಸದ ಅಗತ್ಯವೂ ಅಲ್ಲ, ಒಂದು ಸುತ್ತೋಲೆ. ಅಂಗಡಿಯಲ್ಲಿ ಗಿರಾಕಿಯ ಕ್ಲಿಕ್ಕು ಅವರ ಬಯಕೆಗೆ ಸಾಕ್ಷಿಯಾಗಬಹುದು. ಕಚೇರಿಯಲ್ಲಿ ಕ್ಲಿಕ್ಕಿಗೆ ಹತ್ತು ಕಾರಣಗಳಿವೆ: ಆದೇಶ, ಗಡುವು, ಪ್ರಮಾಣಪತ್ರ, ಮೇಲಧಿಕಾರಿಯ ಫೋನು. ಅವನ್ನೆಲ್ಲ ಒಂದೇ ತಕ್ಕಡಿಗೆ ಹಾಕುವ ಪೋರ್ಟಲ್ ನೌಕರರನ್ನು ಅರಿಯುವುದಿಲ್ಲ, ಇಲಾಖೆಯ ಸುತ್ತೋಲೆಗಳನ್ನೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತದೆ. ಈ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೊಂದೇ.

ಕ್ಲಿಕ್ಕು ಬೇಡ, ನೋಡಿದ ಹೊತ್ತನ್ನು ಅಳೆಯೋಣ ಎನ್ನುವವರಿದ್ದಾರೆ. ಯೂಟ್ಯೂಬ್ 2012ರಲ್ಲಿ ಹಾಗೆಯೇ ಬದಲಾಯಿತು, ಆಕರ್ಷಕ ಶೀರ್ಷಿಕೆಗೆ ಮೋಸಹೋದ ಕ್ಲಿಕ್ಕುಗಳ ಬದಲು ವೀಕ್ಷಣೆಯ ಅವಧಿಗೆ ಬೆಲೆ ಕೊಟ್ಟಿತು. ಕಚೇರಿಯಲ್ಲಿ ಅದೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಕೌಂಟರಿನಲ್ಲಿ ಸಾಲು ನಿಂತಿರುವಾಗ ವೀಡಿಯೊ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಚಾರ್ಮಾಡಿ, ದಿಡುಪೆ, ಶಿಶಿಲದಂಥ ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಹೊಸದಲ್ಲ. ಅಲ್ಲಿನ ಶಿಕ್ಷಕರು ಪೇಟೆಗೆ ಬಂದಾಗ ಪಾಠವನ್ನು ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ದೀಕ್ಷಾ ಆ್ಯಪ್‌ನಲ್ಲಿ ಆ ಸೌಲಭ್ಯವಿದೆ. ಆದರೆ ಸಂಪರ್ಕವಿಲ್ಲದಾಗಿನ ದಾಖಲೆಗಳು ಫೋನಿನಲ್ಲೇ ಕೂತು, ಸಂಪರ್ಕ ಸಿಕ್ಕ ಮೇಲೆ ಒಟ್ಟಿಗೆ ಹೋಗುತ್ತವೆ. ತಡವಾಗಿ ಬಂದ ದಾಖಲೆಯನ್ನು ಸರಿಯಾಗಿ ಓದದ ವ್ಯವಸ್ಥೆಗೆ ಈ ಶಿಕ್ಷಕರು ನಿರಾಸಕ್ತರಂತೆ ಕಾಣುತ್ತಾರೆ. ಟವರ್ ಇಲ್ಲದ ತಪ್ಪು ಶಿಕ್ಷಕರ ಲೆಕ್ಕಕ್ಕೆ ಬರೆಯಲ್ಪಡುತ್ತದೆ.

ಸಣ್ಣ ಊರುಗಳಿಗೆ ಇನ್ನೊಂದು ಪೆಟ್ಟು ಸಂಖ್ಯೆಯದು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನೆ 1956ರಿಂದ ನಡೆದಿದೆ. ಈಗ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಕೊಳೆರೋಗದ ಬಗ್ಗೆ ಅಲ್ಲಿಂದ ಬಂದ ಒಂದು ಸಲಹಾಪತ್ರವನ್ನು ರಾಜ್ಯಮಟ್ಟದ ಪೋರ್ಟಲಿಗೆ ಹಾಕಿದರೆ, ಅದನ್ನು ತೆರೆಯುವವರು ಕರಾವಳಿ ಮತ್ತು ಮಲೆನಾಡಿನ ಕೆಲವರು. ಬಯಲುಸೀಮೆಯ ಬೆಳೆಗಳ ಪುಟಗಳಿಗೆ ಕ್ಲಿಕ್ಕು ಹೆಚ್ಚು. ಹೆಚ್ಚು ಕ್ಲಿಕ್ಕು ಬಂದದ್ದು ಮೇಲೆ ಕಾಣುತ್ತದೆ, ಮೇಲೆ ಕಂಡದ್ದಕ್ಕೆ ಇನ್ನಷ್ಟು ಕ್ಲಿಕ್ಕು ಬೀಳುತ್ತದೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಮಳೆಗಾಲದ ಕೆಲವೇ ವಾರಗಳಲ್ಲಿ ತೋಟ ಹಾಳುಮಾಡುತ್ತದೆ. ವರ್ಷದ ಸರಾಸರಿ ನೋಡುವ ಯಂತ್ರಕ್ಕೆ ಆ ವಾರಗಳ ತುರ್ತು ಗೊತ್ತಾಗುವುದಿಲ್ಲ. ಹೊಸದಾಗಿ ಬಂದವರ ಕತೆ ಇನ್ನೂ ಕಷ್ಟ. ಹಿಂದಿನ ದಾಖಲೆಯೇ ಇಲ್ಲದವರಿಗೆ ಯಂತ್ರ ಅವರ ಪದನಾಮ, ಊರು ನೋಡಿ ಊಹಿಸುತ್ತದೆ. ಮೂಡುಬಿದಿರೆ ಹಿಂದೆ ಮಂಗಳೂರು ತಾಲೂಕಿನೊಳಗಿತ್ತು, ಆಮೇಲೆ ಪ್ರತ್ಯೇಕ ತಾಲೂಕಾಯಿತು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ಪೋರ್ಟಲ್ ಅಲ್ಲಿನ ಹಳ್ಳಿಶಾಲೆಯ ಹೊಸ ಶಿಕ್ಷಕಿಗೆ ನಗರದ ಶಾಲೆಗಳವರು ನೋಡಿದ್ದನ್ನೇ ತೋರಿಸೀತು.

ಇವಕ್ಕೆಲ್ಲ ಪರಿಹಾರವಿದೆ, ದುಬಾರಿಯೂ ಅಲ್ಲ. ಆದೇಶದ ಮೇಲೆ ನೋಡಿದ ಪಾಠಗಳನ್ನು ಸಾಮ್ಯದ ಲೆಕ್ಕದಿಂದ ಹೊರಗಿಡಬೇಕು. ನೌಕರರು ತಾವಾಗಿ ಹುಡುಕಿದ್ದಕ್ಕೆ ಹೆಚ್ಚು ತೂಕ ಕೊಡಬೇಕು. ಯಾರೂ ಹೇಳದೆ ಒಂದೇ ಪುಟಕ್ಕೆ ಒಂದು ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ ಆ ಪುಟ ಕೆಲಸಕ್ಕೆ ಬಿದ್ದಿದೆ ಎಂದೇ ಅರ್ಥ. ಹುಡುಕಾಟದಲ್ಲಿ ಇನ್ನೊಂದು ಲಾಭವಿದೆ. ಒಬ್ಬರು ‘ಕೊಳೆರೋಗ’ ಎಂದು ಕನ್ನಡದಲ್ಲಿ ಬರೆಯುತ್ತಾರೆ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಇನ್ನೊಬ್ಬರು ಅದೇ ರೋಗದ ಇನ್ನೊಂದು ಹೆಸರಾದ ‘ಮಹಾಳಿ’ ಎಂದು. ಮೂವರೂ ಕೊನೆಗೆ ನಿಂತದ್ದು ಒಂದೇ ಪುಟದಲ್ಲಾದರೆ, ಮೂರೂ ಒಂದೇ ಎಂದು ಯಂತ್ರ ಕಲಿಯುತ್ತದೆ, ಯಾರೂ ನಿಘಂಟು ತುಂಬಿಸಬೇಕಾಗಿಲ್ಲ. ಆರು ಜಾಗಗಳಲ್ಲಿ ಒಂದನ್ನು ಇನ್ನೂ ಹೆಚ್ಚು ಮಂದಿ ನೋಡದ ಪುಟಗಳಿಗೆ ಮೀಸಲಿಟ್ಟರೆ ವಿಟ್ಲದ ಸಲಹಾಪತ್ರಕ್ಕೂ ಕಾಣಿಸಿಕೊಳ್ಳುವ ಅವಕಾಶ ಸಿಗುತ್ತದೆ. ಯಾಹೂ ಸಂಶೋಧಕರು 2010ರಲ್ಲಿ ಸುದ್ದಿಪುಟದ ಮೇಲೆ ಹೀಗೆ ಹೊಸದನ್ನೂ ತೋರಿಸಿ ನೋಡುವ ಕ್ರಮವನ್ನೇ ಪರೀಕ್ಷಿಸಿದರು. ಓದುಗರ ವಿವರವನ್ನೂ ಗಣನೆಗೆ ತೆಗೆದುಕೊಂಡಾಗ, ತೆಗೆದುಕೊಳ್ಳದ ವಿಧಾನಕ್ಕಿಂತ ಕ್ಲಿಕ್ಕುಗಳು ಶೇ 12.5ರಷ್ಟು ಹೆಚ್ಚಿದವು.

ಇನ್ನು ಗೋಪ್ಯತೆ. ‘ಸ್ವಯಂ ನಿವೃತ್ತಿ ನಿಯಮ’, ‘ದೀರ್ಘ ವೈದ್ಯಕೀಯ ರಜೆ’, ‘ಪತಿ ಪತ್ನಿ ಪ್ರಕರಣದ ವರ್ಗಾವಣೆ’: ಇವನ್ನು ಹುಡುಕಿದವರ ಮನೆಯ ಕಷ್ಟವೇ ಆ ದಾಖಲೆಯಲ್ಲಿದೆ. ಹೆಸರು ತೆಗೆದರೆ ಸಾಕು ಎಂಬ ಸಮಾಧಾನ ಹುರುಳಿಲ್ಲದ್ದು. ನೆಟ್‌ಫ್ಲಿಕ್ಸ್ ತನ್ನ ಸ್ಪರ್ಧೆಗಾಗಿ 2006ರಲ್ಲಿ ಸುಮಾರು 4.8 ಲಕ್ಷ ಗ್ರಾಹಕರ ಅಂಕಗಳನ್ನು ಹೆಸರಿಲ್ಲದೆ ಹೊರಬಿಟ್ಟಿತ್ತು. ಒಬ್ಬರು ಅಂಕ ಕೊಟ್ಟ 8 ಚಿತ್ರಗಳು ಮತ್ತು ಸುಮಾರಾದ ದಿನಾಂಕಗಳು ಗೊತ್ತಿದ್ದರೆ ಶೇ 99ರಷ್ಟು ದಾಖಲೆಗಳನ್ನು ಬೇರ್ಪಡಿಸಿ ಗುರುತಿಸಬಹುದು ಎಂದು ಅರವಿಂದ್ ನಾರಾಯಣನ್ ಮತ್ತು ವಿತಾಲಿ ಶ್ಮಾತಿಕೊವ್ ತೋರಿಸಿದರು. ಲಕ್ಷಗಳ ನಡುವೆಯೇ ಹಾಗಾದರೆ, ಒಬ್ಬರು ಶಾಖಾ ಅಂಚೆಪಾಲಕರು (ಬಿಪಿಎಂ), ಒಬ್ಬರೋ ಇಬ್ಬರೋ ಸಹಾಯಕರು (ಎಬಿಪಿಎಂ) ಇರುವ ಶಾಖಾ ಅಂಚೆ ಕಚೇರಿಯಲ್ಲಿ ‘ನಿಮ್ಮ ಕಚೇರಿಯವರು ನೋಡಿದ್ದು’ ಎಂಬ ಪಟ್ಟಿ ನೇರವಾಗಿ ಒಬ್ಬರತ್ತ ಬೆರಳು ತೋರಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂ ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಲು ಅವಕಾಶ ಕೊಡುತ್ತದೆ. ಹಾಗಾಗಿ ಪೋರ್ಟಲ್ ನಮ್ಮನ್ನು ಕೇಳಿಯೇ ಮುಂದುವರಿಯುತ್ತದೆ ಎಂದು ನೆಚ್ಚಿ ಕೂರುವಂತಿಲ್ಲ. ದಾಖಲೆ ಕಾರ್ಯಮೌಲ್ಯಮಾಪನಕ್ಕೆ ಹೋಗುತ್ತದೆ ಎಂಬ ಸುಳಿವು ಸಿಕ್ಕರೂ ಸಾಕು, ಜನ ಅಗತ್ಯದ್ದನ್ನು ಹುಡುಕುವುದು ಬಿಟ್ಟು ಒಳ್ಳೆಯದಾಗಿ ಕಾಣುವುದನ್ನು ಒತ್ತತೊಡಗುತ್ತಾರೆ. ಆಗ ಶಿಫಾರಸೂ ಕೆಡುತ್ತದೆ.

ಶಿಕ್ಷಕರೇ, ಅಂಚೆ ಸೇವಕರೇ, ಪಂಚಾಯತ್ ಸಿಬ್ಬಂದಿಯೇ, ಪೋರ್ಟಲಿನ ಬಗ್ಗೆ ಅಭಿಪ್ರಾಯ ಕೇಳಿದ ನಮೂನೆಗೆ ‘ಉತ್ತಮ’ ಎಂದು ಗುರುತು ಹಾಕಿ ಕೈತೊಳೆದುಕೊಳ್ಳಬೇಡಿ. ಕಡ್ಡಾಯ ಪಾಠದ ಕ್ಲಿಕ್ಕನ್ನು ನಮ್ಮ ಆಸಕ್ತಿ ಎಂದು ಎಣಿಸಬೇಡಿ, ಈ ಪುಟ ನನಗೇಕೆ ಕಾಣುತ್ತಿದೆ ಎಂದು ಪಕ್ಕದಲ್ಲೇ ಬರೆಯಿರಿ, ನಮ್ಮ ಹುಡುಕಾಟವನ್ನು ಮೇಲಧಿಕಾರಿಗೆ ತೋರಿಸಬೇಡಿ ಎಂದು ಬರೆದುಕೊಡಿ. ತಂತ್ರಾಂಶ ಬರೆಯುವವರಿಗೆ ಈ ಮೂರೂ ಕೆಲವೇ ದಿನಗಳ ಕೆಲಸ. ಕೇಳುವವರಿಲ್ಲದೆ ಅವರು ಅದಕ್ಕೆ ಕೈ ಹಾಕುವುದಿಲ್ಲ.